ಹಿಂದಿಯ 69, 79, 89: ನೂರರವರೆಗೆ ಬಾಯಿಪಾಠ ಮಾಡಲೇಬೇಕೆ?

ಪ್ರಶ್ನೆ (ಭೋಪಾಲದಿಂದ):
ಇಲ್ಲಿಗೆ ವರ್ಗವಾಗಿ ಬಂದ ಮೇಲೆ ಹಿಂದಿ ಮಾತು ಒಗ್ಗಿದ್ದರೂ ಎಣಿಕೆ ಮಾತ್ರ ಹಿಡಿತಕ್ಕೆ ಸಿಗುತ್ತಿಲ್ಲ. ಅಂಗಡಿಯವರು ‘ಉನಹತ್ತರ್’ ಎಂದಾಗ ಎಪ್ಪತ್ತೊಂಬತ್ತೆಂದೇ ತೋರುತ್ತದೆ. ಕನ್ನಡದಲ್ಲಿ ಇಪ್ಪತ್ತು, ಮೂವತ್ತು ಗೊತ್ತಿದ್ದರೆ ಮುಂದಿನವನ್ನು ತಾನೇ ಕೂಡಿಸಿ ಹೇಳಬಹುದು. ಹಿಂದಿಯಲ್ಲಿ ಅಂಥ ನಿಯಮವೇ ಇಲ್ಲವೆ?

ಉತ್ತರ 1:
ನಿಯಮವಿದೆ, ಆದರೆ ಸವೆದುಹೋಗಿದೆ. ಸಂಸ್ಕೃತದ ‘ಏಕವಿಂಶತಿ’ಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ, ಅದು ಪ್ರಾಕೃತವನ್ನು ಹಾದು ‘ಇಕ್ಕೀಸ್’ (21) ಆಯಿತು. ಎರಡು ಪದಗಳು ಬೆಸೆದು ಒಟ್ಟಿಗೇ ಸವೆದದ್ದರಿಂದ ಐದೆಂಬುದು ‘ಪಚ್ಚೀಸ್’ನಲ್ಲಿ (25) ಒಂದು ರೂಪ, ‘ಪೈಂತೀಸ್’ನಲ್ಲಿ (35) ಇನ್ನೊಂದು ರೂಪ ತಾಳಿದೆ, ಐವತ್ತರ ‘ಪಚಾಸ್’ ಕೂಡ ‘ಬಾವನ್’ (52), ‘ಪಚಪನ್’ (55) ಇವುಗಳಲ್ಲಿ ಗುರುತು ಸಿಗದಷ್ಟು ಬದಲಾಗಿದೆ.

ನಿಮ್ಮನ್ನು ಕಾಡುವ ‘ಉನ’ ಎಂದರೆ ಒಂದು ಕಡಿಮೆ, ಸಂಸ್ಕೃತದ ‘ಏಕೋನ’. ಆದ್ದರಿಂದ ‘ಉನಹತ್ತರ್’ ಎಪ್ಪತ್ತಕ್ಕೆ ಒಂದು ಕಡಿಮೆ, ಅಂದರೆ 69; ‘ಉನ್ಯಾಸೀ’ ಎಂಬತ್ತಕ್ಕೆ ಒಂದು ಕಡಿಮೆ, 79. ಆದರೆ 89 ಮತ್ತು 99 ಈ ಸಾಲಿಗೆ ಸೇರುವುದಿಲ್ಲ: ‘ನವಾಸೀ’, ‘ನಿನ್ಯಾನವೇ’ಗಳಲ್ಲಿ ಒಂಬತ್ತೇ ನೇರವಾಗಿ ನಿಂತಿದೆ. ಹಾಗಾಗಿ ಬಾಯಿಪಾಠ ತಪ್ಪಿದ್ದಲ್ಲ.

ಉತ್ತರ 2:
ಮರಾಠಿಯೂ ಹೀಗೆಯೇ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯು 2019ರಲ್ಲಿ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ 22ಕ್ಕೆ ‘ಬಾವೀಸ್’ ಜೊತೆಗೆ ‘ವೀಸ್ ದೋನ್’ (ಇಪ್ಪತ್ತು ಎರಡು) ಎಂಬ ಓದನ್ನೂ ತಂದಾಗ, ಭಾಷೆ ಕೆಡುತ್ತದೆಂದು ದೊಡ್ಡ ಗದ್ದಲವೆದ್ದಿತು. ಬರೆಯುವಾಗ ಎಡದ ಅಂಕಿ ಮೊದಲು, ಹೇಳುವಾಗ ಬಲದ್ದು ಮೊದಲು ಎಂಬ ತೊಡಕಿನಲ್ಲಿ ಮಕ್ಕಳು 25ನ್ನು 52 ಎಂದು ಬರೆದರೆ ಆಶ್ಚರ್ಯವಿಲ್ಲ; ಆ ಬದಲಾವಣೆ ನನಗಂತೂ ವಿವೇಕದ್ದೆಂದೇ ತೋರಿತು.

ಉತ್ತರ 3:
ದೇವನಾಗರಿ ಲಿಪಿಯ ಅಂಕಿಗಳಿಗೆ ನೀವು ಅಷ್ಟಾಗಿ ಹೆದರಬೇಕಾಗಿಲ್ಲ, ಏಕೆಂದರೆ ಸಂವಿಧಾನದ 343ನೆಯ ವಿಧಿಯೇ ಕೇಂದ್ರದ ಆಡಳಿತಕ್ಕೆ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವನ್ನು (1, 2, 3) ಗೊತ್ತುಮಾಡಿದೆ. ಕೋಲ್ಕತ್ತಕ್ಕೆ ಹೋದರೆ ಮಾತ್ರ ಎಚ್ಚರ: ಬಂಗಾಳಿಯ ನಾಲ್ಕು ನಮ್ಮ ಕಣ್ಣಿಗೆ 8ರಂತೆ, ಏಳು 9ರಂತೆ ಕಾಣುತ್ತದೆ.

ಪೇಟೆಯಲ್ಲಿ ಹೆಚ್ಚು ಬೇಕಾಗುವುದು ಭಿನ್ನರಾಶಿಯ ಮಾತುಗಳು. ‘ಸವಾ ಸೌ’ 125, ‘ಡೇಢ್ ಸೌ’ 150, ‘ಪೌನೇ ದೋ ಸೌ’ 175, ‘ಢಾಯೀ ಸೌ’ 250. ಅರ್ಧ ಕೂಡಿಸುವ ‘ಸಾಢೇ’ ಬರುವುದು ಮೂರರಿಂದ ಮುಂದಕ್ಕೆ ಮಾತ್ರ. ‘ಸಾಢೇ ಏಕ್’ ಎಂದರೆ ಅಂಗಡಿಯವರು ನಗುತ್ತಾರೆ. ‘ದೀಡ್ ನೂರು’ ಎನ್ನುವ ಉತ್ತರ ಕರ್ನಾಟಕದವರು ನೀವಾಗಿದ್ದರೆ ಇದರಲ್ಲಿ ಅರ್ಧ ನಿಮಗೆ ಆಗಲೇ ಗೊತ್ತಿರುತ್ತದೆ.