ಶಾಲೆಯ ಗ್ರೇಡು ಮುಖ್ಯವೋ, ಸ್ಯಾಟ್ ಅಂಕ ಮುಖ್ಯವೋ? ಮಗಳ ಕಾಲೇಜು ಅರ್ಜಿಯ ಬಗ್ಗೆ ಸಲಹೆ ಬೇಕು

ಡಲ್ಲಾಸ್‌ನಿಂದ, ರಜೆಯ ನಿಮಿತ್ತ ಈಗ ಕಲಬುರಗಿಯಲ್ಲಿ:

ಗುಂಪಿನ ಎಲ್ಲ ಬಂಧುಗಳಿಗೆ ಶರಣು ಶರಣಾರ್ಥಿಗಳು. ನಾವು ಡಲ್ಲಾಸ್ ಹತ್ತಿರ ನೆಲೆಸಿ ಹದಿನಾಲ್ಕು ವರ್ಷಗಳಾದವು. ಶಾಲೆಗೆ ಬೇಸಿಗೆ ರಜೆ ಬಿಟ್ಟದ್ದರಿಂದ ಮಗಳನ್ನು ಕರೆದುಕೊಂಡು ಶರಣಬಸವೇಶ್ವರ ಗುಡಿಯ ಸಮೀಪವಿರುವ ಅತ್ತೆಯವರ ಮನೆಗೆ ಬಂದಿದ್ದೇನೆ. ಮಗಳು ಈಗಷ್ಟೇ 11ನೇ ತರಗತಿ ಮುಗಿಸಿದ್ದಾಳೆ. ಸುಮಾರು 700 ಮಕ್ಕಳಿರುವ ಅವಳ ತರಗತಿಯಲ್ಲಿ ಅವಳದು 58ನೆಯ ಸ್ಥಾನ, ಜಿಪಿಎ, ಎಂದರೆ ಗ್ರೇಡುಗಳ ಸರಾಸರಿ, 4ಕ್ಕೆ 3.9. ಆದರೆ ಕಾಲೇಜು ಪ್ರವೇಶಕ್ಕಾಗಿ ಮಾರ್ಚ್‌ನಲ್ಲಿ ಬರೆದ ಸ್ಯಾಟ್ ಎಂಬ ಸಾಮಾನ್ಯ ಪರೀಕ್ಷೆಯಲ್ಲಿ 1600ಕ್ಕೆ 1290 ಬಂದಿದೆ. ಗಣಿತದಲ್ಲಿ 690, ಓದು-ಬರಹದಲ್ಲಿ 600. ಅವಳಿಗೆ ಎಂಜಿನಿಯರಿಂಗ್ ಓದಬೇಕೆಂಬ ಆಸೆಯಿದೆ. ಟೆಕ್ಸಾಸ್‌ನೊಳಗೇ ಆಸ್ಟಿನ್, ಎ ಆ್ಯಂಡ್ ಎಂ ಮತ್ತು ಯುಟಿ ಡಲ್ಲಾಸ್ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ವಿಚಾರವಿದೆ.

ಮೂರು ವರ್ಷ ಕಷ್ಟಪಟ್ಟು ಗಳಿಸಿದ ಗ್ರೇಡುಗಳು ಗಟ್ಟಿಯಾಗಿವೆ, ಚಿಂತಿಸಬೇಡಿ ಎಂದು ಶಾಲೆಯ ಕೌನ್ಸೆಲರ್ ಹೇಳುತ್ತಾರೆ. ಸಿಇಟಿ ರ್‍ಯಾಂಕಿನಿಂದಲೇ ಬದುಕು ಕಟ್ಟಿಕೊಂಡ ನನ್ನ ಯಜಮಾನರು, ಕೊನೆಗೆ ನೋಡುವುದು ಪರೀಕ್ಷೆಯ ಅಂಕವನ್ನೇ ಎನ್ನುತ್ತಾರೆ. ಇಲ್ಲಿಗೆ ಬಂದ ಮೇಲೆ ಮನೆಗೆ ಬರುವ ನೆಂಟರೆಲ್ಲ ಅವಳನ್ನು ಕೇಳುವ ಮೊದಲ ಮಾತೇ "ಎಷ್ಟು ಪರ್ಸೆಂಟ್ ಆಯಿತು?" ಎಂಬುದು. ನಿನ್ನೆ ಸಂಜೆ ಮಾಳಿಗೆಯ ಮೇಲೆ ಒಬ್ಬಳೇ ಕುಳಿತು ಅತ್ತಳು. ನನ್ನ ಪ್ರಶ್ನೆಗಳು ಎರಡೇ. ಈ ಅಂಕವನ್ನು ಕಾಲೇಜುಗಳಿಗೆ ಕಳಿಸಬೇಕೇ, ಬೇಡವೇ? ಉಳಿದ ಎರಡು ತಿಂಗಳನ್ನು ಮತ್ತೊಮ್ಮೆ ಸ್ಯಾಟ್ ತಯಾರಿಗೆ ಕೊಡಬೇಕೇ, ಅರ್ಜಿಯ ಪ್ರಬಂಧಗಳಿಗೆ ಕೊಡಬೇಕೇ?

ಬೇ ಏರಿಯಾದಿಂದ, ಊರು ಬೀದರ್:

ತಂಗಿ, ಧೈರ್ಯವಾಗಿರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯು 2020ರ ಮೇ ತಿಂಗಳಲ್ಲಿ ಸ್ಯಾಟ್ ಮತ್ತು ಅಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿಗಳನ್ನು ಕೈಬಿಡುವ ನಿರ್ಣಯ ಮಾಡಿತು. ಈಗ ನೀವು ಅಂಕ ಕಳಿಸಿದರೂ ಪ್ರವೇಶ ಕೊಡುವವರು ಅದನ್ನು ನೋಡುವುದಿಲ್ಲ. ಎ-ಜಿ ಎಂದು ಕರೆಯುವ 15 ವರ್ಷಾವಧಿಯ ಪಠ್ಯಗಳಲ್ಲಿ ಮಗು ಏನನ್ನು ಓದಿತು, ಹೇಗೆ ಓದಿತು ಎಂಬುದೇ ಅಲ್ಲಿ ಆಧಾರ. ನನ್ನ ಮಗಳು ಸ್ಯಾಟ್ ಬರೆಯದೆಯೇ ಸೇರಿದಳು, ಈಗ ಜೀವಶಾಸ್ತ್ರದಲ್ಲಿ ಎರಡನೆಯ ವರ್ಷ. ಬೀದರಿನ ಓಲ್ಡ್ ಸಿಟಿಯ ಓಣಿಯಲ್ಲಿ ಬೆಳೆದ ನನಗೆ, ಪ್ರವೇಶ ಪರೀಕ್ಷೆಯ ಭಯವಿಲ್ಲದೆ ಮಗಳು ಕಾಲೇಜಿನ ಮೆಟ್ಟಿಲು ಹತ್ತಿದ್ದನ್ನು ಕಂಡು ಕಣ್ಣು ತುಂಬಿ ಬಂದವು. ಗ್ರೇಡು ಇದ್ದರೆ ಎಲ್ಲವೂ ಇದೆ.

ಕಲಬುರಗಿಯಿಂದ, ನಿವೃತ್ತ ಗಣಿತ ಉಪನ್ಯಾಸಕ, ಮಗ ಮಿಷಿಗನ್‌ನಲ್ಲಿ:

ಅಮ್ಮಾ, ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಗಣಿತ ಕಲಿಸಿದವನ ಮಾತನ್ನು ಸ್ವಲ್ಪ ಕೇಳು. ನಮ್ಮ ಗಂಜ್‌ಗೆ ತೊಗರಿ ತಂದ ರೈತ, ಮನೆಯಲ್ಲಿ ತೂಗಿಕೊಂಡು ಬಂದ ತೂಕವನ್ನು ಹೇಳಿದರೆ ಅಡತಿಯವನು ಒಪ್ಪುತ್ತಾನೆಯೇ? ಮುದ್ರೆ ಒತ್ತಿದ ತೂಕದ ಕಲ್ಲು ಎಲ್ಲರಿಗೂ ಒಂದೇ ಆಗಿರಬೇಕು. ಶಾಲೆಯ ಗ್ರೇಡು ಮನೆಯ ತೂಕ, ಸಾಮಾನ್ಯ ಪರೀಕ್ಷೆ ಮುದ್ರೆಯ ತೂಕ.

ದೂರದ ಉದಾಹರಣೆ ಬೇಡ, ನಮ್ಮ ರಾಜ್ಯದ್ದೇ ಸಾಕು. 2021ರಲ್ಲಿ ಕೋವಿಡ್ ಕಾರಣದಿಂದ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಹಿಂದಿನ ತರಗತಿಗಳ ಅಂಕಗಳನ್ನೂ ಆಂತರಿಕ ಅಂಕಗಳನ್ನೂ ಕೂಡಿಸಿ ಫಲಿತಾಂಶ ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ 600ಕ್ಕೆ 600 ಬಂತು. ಮರುವರ್ಷ ಅದೇ ತಂಡದ ಮಕ್ಕಳು ಮತ್ತೆ ಸಿಇಟಿ ಬರೆದಾಗ ಆ ಪಿಯುಸಿ ಅಂಕಗಳನ್ನು ರ್‍ಯಾಂಕಿಗೆ ಪರಿಗಣಿಸದೆ ಬಿಟ್ಟದ್ದರಿಂದ ವಿಷಯ ಹೈಕೋರ್ಟ್ ಮೆಟ್ಟಿಲು ಏರಿತು. ಇನ್ನು 2024ರ ಎಸ್‌ಎಸ್‌ಎಲ್‌ಸಿ ನೋಡಿ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ ಮೊದಲ ವರ್ಷವೇ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ರಾಜ್ಯದ ಫಲಿತಾಂಶ 83.89 ರಿಂದ ಶೇಕಡ 73.40ಕ್ಕೆ ಇಳಿಯಿತು, ಯಾದಗಿರಿ ಜಿಲ್ಲೆ ಕೊನೆಯ ಸ್ಥಾನಕ್ಕೆ ಹೋಯಿತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ? ಇಲ್ಲ, ತೂಕದ ಕಲ್ಲು ಬದಲಾಯಿತು.

ಅಮೆರಿಕದಲ್ಲಿಯೂ ಇದೇ ಕಥೆ. ಎಸಿಟಿ ಸಂಸ್ಥೆಯವರೇ 2022ರಲ್ಲಿ ಪ್ರಕಟಿಸಿದ ವರದಿಯಂತೆ, ಅವರ ಪರೀಕ್ಷೆ ಬರೆದ ಮಕ್ಕಳ ಸರಾಸರಿ ಜಿಪಿಎ 2010ರಿಂದ 2021ರ ನಡುವೆ ಏರಿದೆ, ಪರೀಕ್ಷೆಯ ಅಂಕ ಮಾತ್ರ ಆ ಪ್ರಮಾಣದಲ್ಲಿ ಏರಿಲ್ಲ. ಎಂಐಟಿ 2022ರ ಮಾರ್ಚ್‌ನಲ್ಲಿ ಸ್ಯಾಟ್ ಅನ್ನು ಮರಳಿ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಅದೇ ದಾರಿ ಹಿಡಿದವು. ಬೀದರಿನ ಸ್ನೇಹಿತರು ಹೇಳಿದ ಕ್ಯಾಲಿಫೋರ್ನಿಯಾದಲ್ಲಿಯೂ, ಪರೀಕ್ಷೆಯನ್ನು ಕೂಡಲೇ ಬಿಡಬೇಡಿರೆಂದು ಅಲ್ಲಿನ ಪ್ರಾಧ್ಯಾಪಕರ ಸಮಿತಿಯೇ 2020ರಲ್ಲಿ ವರದಿ ಕೊಟ್ಟಿತ್ತು. ಆ ಮಾತು ಕೇಳದ್ದರ ಫಲವನ್ನು ಸ್ಯಾನ್ ಡಿಯೆಗೋ ಕ್ಯಾಂಪಸ್ 2025ರಲ್ಲಿ ತನ್ನದೇ ವರದಿಯಲ್ಲಿ ಒಪ್ಪಿಕೊಂಡಿದೆ: ಹೈಸ್ಕೂಲು ಮಟ್ಟದ ಗಣಿತವೂ ಬಾರದೆ ಸೇರುವವರ ಸಂಖ್ಯೆ ಐದು ವರ್ಷಗಳಲ್ಲಿ ಸುಮಾರು ಮೂವತ್ತು ಪಟ್ಟಾಗಿದೆ. ಮಗಳು ಗಣಿತವನ್ನು ಗಟ್ಟಿ ಮಾಡಿಕೊಳ್ಳಲಿ. ಬೇರೆ ಉಪಾಯವಿಲ್ಲ.

ಷಿಕಾಗೋದಿಂದ, ಊರು ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ:

ಸರ್, ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಮುದ್ರೆಯ ಕಲ್ಲು ಒಂದೇ ಇದ್ದರೂ ತಕ್ಕಡಿಯ ಬಳಿಗೆ ಬರುವ ದಾರಿ ಎಲ್ಲರಿಗೂ ಒಂದೇ ಇರಲಿಲ್ಲ. ಹತ್ತನೆಯ ತರಗತಿಯವರೆಗೆ ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿಯಲ್ಲಿ ಇಂಗ್ಲಿಷ್ ಪುಸ್ತಕದ ಪ್ರತಿ ಸಾಲಿನ ಮೇಲೂ ಪೆನ್ಸಿಲ್‌ನಲ್ಲಿ ಕನ್ನಡ ಅರ್ಥ ಬರೆದುಕೊಂಡು ಎರಡು ವರ್ಷ ದುಡಿದೆ, ಒಳ್ಳೆಯ ಅಂಕ ಬಂದವು. ಆದರೆ ಒಂದೊಂದು ಪ್ರಶ್ನೆಗೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಷ್ಟೇ ಸಿಗುವ ಸಿಇಟಿಯಲ್ಲಿ, ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಸಮಯ ಮುಗಿಯಿತು. ಬೆಂಗಳೂರಿನ ಕೋಚಿಂಗ್ ಮಕ್ಕಳು ಸೂತ್ರ ಬಳಸದೆಯೇ ಉತ್ತರ ಗುರುತಿಸುವ ಉಪಾಯ ಕಲಿತು ಬಂದಿದ್ದರು. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಅರ್ಧ ಪಾಲು ಸೇರದೆ ಹೋಗಿದ್ದರೆ ನನಗೆ ಸೀಟು ಸಿಗುತ್ತಲೇ ಇರಲಿಲ್ಲ. ಆಗ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಿಗುವ 371(ಜೆ) ಮೀಸಲಾತಿಯೂ ಇರಲಿಲ್ಲ. ಅದು ಬಂದದ್ದು 2013ರಲ್ಲಿ. ಬೇಕಾದ ಶಾಖೆ ಕೈತಪ್ಪಿದ ನೋವು ಇಂದಿಗೂ ಹೋಗಿಲ್ಲ.

ಇಲ್ಲಿನ ಸಾರ್ವಜನಿಕ ಶಾಲೆಗಳ ಹತ್ತಾರು ಸಾವಿರ ಮಕ್ಕಳನ್ನು ಅನುಸರಿಸಿದ, 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಪದವಿ ಮುಗಿಸುತ್ತಾರೋ ಇಲ್ಲವೋ ಎಂಬುದನ್ನು ಎಸಿಟಿ ಅಂಕಕ್ಕಿಂತ ಹೈಸ್ಕೂಲಿನ ಜಿಪಿಎ ಬಹಳ ಚೆನ್ನಾಗಿ ಸೂಚಿಸುತ್ತದೆ ಎಂದು ಅದು ತೋರಿಸಿತು. ನೀವು ಹೆಸರಿಸಿದ ಹಾರ್ವರ್ಡ್ ಮಾದರಿಯ ಕಾಲೇಜುಗಳ ಮೇಲೆ 2024ರಲ್ಲಿ ನಡೆದ ಅಧ್ಯಯನ ಅದಕ್ಕೆ ವಿರುದ್ಧವಾದ ಉತ್ತರ ಕೊಟ್ಟಿತು, ನಿಜ. ಆದರೆ ಅಲ್ಲಿಗೆ ಅರ್ಜಿ ಹಾಕುವ ಬಹುತೇಕ ಮಕ್ಕಳ ಗ್ರೇಡು ಮೊದಲೇ ತುದಿ ಮುಟ್ಟಿರುತ್ತದೆ. ಎಲ್ಲರ ಎತ್ತರವೂ ಒಂದೇ ಇದ್ದಲ್ಲಿ ಎತ್ತರ ನೋಡಿ ಆರಿಸಲು ಬರುವುದಿಲ್ಲ, ಬೇರೊಂದು ಅಳತೆ ಬೇಕಾಗುತ್ತದೆ. ಸಾಮಾನ್ಯ ಕಾಲೇಜುಗಳಲ್ಲಿ ಪ್ರತಿದಿನ ಹಾಜರಾಗುವ, ಹೋಂವರ್ಕ್ ಮುಗಿಸುವ, ಬಿದ್ದರೂ ಎದ್ದು ಓದುವ ಗುಣವೇ ಪದವಿ ಕೊಡಿಸುತ್ತದೆ, ಮತ್ತು ಆ ಗುಣ ಕಾಣುವುದು ಗ್ರೇಡಿನಲ್ಲಿ. ಎರಡೂ ಅಧ್ಯಯನಗಳು ಸುಳ್ಳಲ್ಲ, ನೋಡಿದ ಮಕ್ಕಳು ಬೇರೆ.

ಹ್ಯೂಸ್ಟನ್‌ನಿಂದ, ಊರು ಆಳಂದ:

ಅಕ್ಕಾ, ಹೋದ ವರ್ಷ ನನ್ನ ಮಗನಿಗೆ ಇದೆಲ್ಲ ಮಾಡಿ ಮುಗಿಸಿದ್ದೇನೆ. ಆಸ್ಟಿನ್‌ನಲ್ಲಿ ಕಳಿಸಬೇಕೋ ಬೇಡವೋ ಎಂಬ ಪ್ರಶ್ನೆಯೇ ಇಲ್ಲ, 2025ರ ಪ್ರವೇಶದಿಂದ ಅಲ್ಲಿ ಸ್ಯಾಟ್ ಅಥವಾ ಎಸಿಟಿ ಮತ್ತೆ ಕಡ್ಡಾಯವಾಗಿದೆ. ಟೆಕ್ಸಾಸ್‌ನ 1997ರ ಕಾನೂನಿನಂತೆ ತರಗತಿಯ ಮೊದಲ ಶೇಕಡ 10ರಲ್ಲಿ ಇರುವವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶವಿದೆ, ಆಸ್ಟಿನ್ ಮಾತ್ರ ಅದನ್ನು 2026ರಿಂದ ಶೇಕಡ 5ಕ್ಕೆ ಇಳಿಸಿದೆ. ನಿಮ್ಮ ಮಗಳ ಸ್ಥಾನ ಶೇಕಡ 8ರ ಸುಮಾರಿನಲ್ಲಿದೆ. ಎಂದರೆ ಎ ಆ್ಯಂಡ್ ಎಂ ಮತ್ತು ಯುಟಿ ಡಲ್ಲಾಸ್‌ಗಳಿಗೆ ಪ್ರವೇಶ ಗ್ರೇಡಿನ ಬಲದಿಂದಲೇ ಸಿಗುತ್ತದೆ, ಆಸ್ಟಿನ್‌ನಲ್ಲಿ ಮಾತ್ರ ಇಡೀ ಅರ್ಜಿಯನ್ನು ತೂಗಿ ನೋಡುತ್ತಾರೆ. ನೇರ ಪ್ರವೇಶವೆಂದರೆ ವಿಶ್ವವಿದ್ಯಾಲಯಕ್ಕೆ ಪ್ರವೇಶ, ಎಂಜಿನಿಯರಿಂಗ್ ಶಾಖೆಗಲ್ಲ. ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಕಡ್ಡಾಯವಿಲ್ಲದ ಕಡೆ ಆ ಕಾಲೇಜಿಗೆ ಸೇರಿದವರ ಅಂಕಗಳ ನಡುವಿನ ಅರ್ಧ ಭಾಗವನ್ನು (ತೀರ ಮೇಲಿನ ಕಾಲು, ತೀರ ಕೆಳಗಿನ ಕಾಲು ಬಿಟ್ಟು) ಅವರ ವೆಬ್‌ಸೈಟಿನಲ್ಲಿ ನೋಡಿ. ಮಗಳ ಅಂಕ ಅದರೊಳಗೆ ಅಥವಾ ಮೇಲೆ ಇದ್ದರೆ ಕಳಿಸಿ, ಬಹಳ ಕೆಳಗಿದ್ದರೆ ಬಿಡಿ. ಸ್ಯಾಟ್ ಮತ್ತೊಮ್ಮೆ ಬರೆಸಿ. ದುಡಿಯಬೇಕಾದದ್ದು ಓದು-ಬರಹದ ಭಾಗದಲ್ಲಿ, ಗಣಿತದಲ್ಲಿ ಅಲ್ಲ.

ಕಲಬುರಗಿಯ ನಿವೃತ್ತ ಉಪನ್ಯಾಸಕರಿಂದ:

ಶಹಾಪುರದ ಮಗಳ ನೋವು ನನಗೆ ಅರ್ಥವಾಗುತ್ತದೆ, ಅಂಥ ನೂರಾರು ಮಕ್ಕಳನ್ನು ನಾನೇ ಕಂಡಿದ್ದೇನೆ. ಆದರೂ ಒಪ್ಪುವುದಿಲ್ಲ. ಪರೀಕ್ಷೆ ಇದ್ದದ್ದರಿಂದಲೇ ಹೆಸರಿಲ್ಲದ ಊರಿನ ಹುಡುಗನೊಬ್ಬ ತನ್ನನ್ನು ತೋರಿಸಿಕೊಳ್ಳಲು ಸಾಧ್ಯವಾಯಿತು. ಬಡ ಮಕ್ಕಳು ತಮಗೆ ನೆರವಾಗಬಹುದಾಗಿದ್ದ ಅಂಕಗಳನ್ನೇ ಕಡಿಮೆಯೆಂದು ತಿಳಿದು ಮುಚ್ಚಿಟ್ಟರು ಎಂಬುದನ್ನು ಡಾರ್ಟ್‌ಮತ್‌ನವರು ತಮ್ಮ ಅರ್ಜಿಗಳಲ್ಲಿಯೇ ಕಂಡುಕೊಂಡರು. ಅವರು ಅಂಕವನ್ನು ಮಗುವಿನ ಶಾಲೆಯ ಜೊತೆ ಹೋಲಿಸಿ ನೋಡುತ್ತಾರೆ. ಬರೀ ಗ್ರೇಡು ನೋಡಿದರೆ ಹೆಸರುವಾಸಿ ಶಾಲೆಯ ಎ ಗ್ರೇಡನ್ನು ನಂಬುತ್ತಾರೆ, ಹಳ್ಳಿಯ ಶಾಲೆಯ ಎ ಗ್ರೇಡನ್ನು ನಂಬುವವರು ಯಾರು? ನಮ್ಮ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಈಗ ಸಿಯುಇಟಿ ಎಂಬ ದೇಶಕ್ಕೆಲ್ಲ ಒಂದೇ ಆದ ಪ್ರವೇಶ ಪರೀಕ್ಷೆಯ ಮೂಲಕವೇ ಪ್ರವೇಶ. ಬಿಹಾರದ ಬೋರ್ಡಿನ ಅಂಕವನ್ನೂ ಕೇರಳದ ಬೋರ್ಡಿನ ಅಂಕವನ್ನೂ ಹೋಲಿಸುವ ಕಷ್ಟ ಅದರಿಂದ ತಪ್ಪಿದೆ.

ಬೇ ಏರಿಯಾದಿಂದ, ಊರು ಬೀದರ್:

ಸಿಯುಇಟಿ ಬಂದ ಮೇಲೆ ಮಕ್ಕಳು ಕಾಲೇಜು ಬಿಟ್ಟು ಕೋಚಿಂಗ್ ಕ್ಲಾಸಿನಲ್ಲಿ ಕೂರುತ್ತಿದ್ದಾರಲ್ಲ ಸರ್, ಅದನ್ನೂ ಬರೆಯಿರಿ. ನನ್ನ ತಮ್ಮನ ಮಗ ಎರಡು ವರ್ಷ ತರಗತಿಯ ಮುಖ ನೋಡದೆ ನೀಟ್‌ಗೆ ಓದಿದ. ಪ್ರಯೋಗಾಲಯದಲ್ಲಿ ಒಂದು ಬ್ಯುರೆಟ್ ಹಿಡಿದವನಲ್ಲ. ಇಂಥ ಪರೀಕ್ಷೆಯಿಂದ ವೈದ್ಯನಾಗುವವನು ಏನು ಕಲಿತಂತಾಯಿತು?

ಸಿಡ್ನಿಯಿಂದ, ಊರು ಕಲಬುರಗಿ, ಪಿ.ಡಿ.ಎ. ಕಾಲೇಜಿನ ಹಳೆಯ ವಿದ್ಯಾರ್ಥಿ:

ತೂಕದ ಕಲ್ಲಿನ ಮಾತು ಬಂದದ್ದರಿಂದ ನಮ್ಮಲ್ಲಿನ ಪದ್ಧತಿಯನ್ನು ತಿಳಿಸುವ ಮನಸ್ಸಾಯಿತು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹನ್ನೆರಡನೆಯ ತರಗತಿಯ ಕೊನೆಗೆ ಬರುವ ಎಚ್‌ಎಸ್‌ಸಿಯಲ್ಲಿ ಶಾಲೆಯ ಮೌಲ್ಯಮಾಪನಕ್ಕೆ ಅರ್ಧ, ರಾಜ್ಯದ ಪರೀಕ್ಷೆಗೆ ಅರ್ಧ. ಶಾಲೆ ಕೊಟ್ಟ ಅಂಕಗಳನ್ನು ಮಾತ್ರ ಇದ್ದ ಹಾಗೆ ತೆಗೆದುಕೊಳ್ಳುವುದಿಲ್ಲ. ಅದೇ ಶಾಲೆಯ ಅದೇ ವಿಷಯದ ಮಕ್ಕಳು ರಾಜ್ಯದ ಪರೀಕ್ಷೆಯಲ್ಲಿ ಹೇಗೆ ಬರೆದರು ಎಂಬುದರ ಮೇಲೆ ಶಾಲೆಯ ಅಂಕಗಳನ್ನು ಸರಿಹೊಂದಿಸುತ್ತಾರೆ. ಶಾಲೆ ಉದಾರವಾಗಿ ಕೊಟ್ಟಿದ್ದರೆ ಎಲ್ಲರ ಅಂಕವೂ ಇಳಿಯುತ್ತದೆ, ಆದರೆ ಶಾಲೆಯೊಳಗೆ ಯಾರು ಮುಂದೆ, ಯಾರು ಹಿಂದೆ ಎಂಬ ಕ್ರಮ ಹಾಗೆಯೇ ಉಳಿಯುತ್ತದೆ. ಮನೆಯ ತೂಕವನ್ನು ಎಸೆಯುವ ಬದಲು ಅದನ್ನು ಮುದ್ರೆಯ ಕಲ್ಲಿನಿಂದ ಪರೀಕ್ಷಿಸಿದಂತೆ. ಇದು ಬಂದರೆ 2021ರ 600ರ ಸಮಸ್ಯೆಯೂ ಇರುತ್ತಿರಲಿಲ್ಲ ಎನ್ನುವಂತಿಲ್ಲ, ಏಕೆಂದರೆ ಆ ವರ್ಷ ಪರೀಕ್ಷೆಯೇ ಇರಲಿಲ್ಲ. ಉಳಿದ ವರ್ಷಗಳಿಗೆ ನಮ್ಮ ಸಿಇಟಿಯವರು ಇದನ್ನು ಯೋಚಿಸಬೇಕೆಂದು ನನ್ನ ಕಳಕಳಿಯ ಬೇಡಿಕೆ. ಕರ್ನಾಟಕದಲ್ಲಿ ಅರ್ಧ-ಅರ್ಧ ಕೂಡಿಸುತ್ತಾರೆ, ಆದರೆ ಒಂದನ್ನು ಇನ್ನೊಂದರಿಂದ ತಾಳೆ ನೋಡುವುದಿಲ್ಲ.

ಷಿಕಾಗೋದಿಂದ, ಊರು ಶಹಾಪುರ:

ಸಿಡ್ನಿಯ ಅಣ್ಣನವರ ಮಾತು ನನಗೆ ಒಪ್ಪಿಗೆ. ಆದರೆ ದೊಡ್ಡವರೆಲ್ಲ ಸೇರಿ ಪದ್ಧತಿ ತಿದ್ದುವಷ್ಟರಲ್ಲಿ ಆ ಹುಡುಗಿಯ ಅರ್ಜಿಯ ದಿನ ಮುಗಿದಿರುತ್ತದೆ. ಹ್ಯೂಸ್ಟನ್‌ನವರು ಬರೆದದ್ದನ್ನು ಯಾರೂ ಓದಿದಂತೆ ಕಾಣುವುದಿಲ್ಲ. ತಂಗಿ, ದಯವಿಟ್ಟು ಅದನ್ನು ಎರಡು ಸಲ ಓದು.

ಡಲ್ಲಾಸ್‌ನಿಂದ, ಈಗ ಕಲಬುರಗಿಯಲ್ಲಿ:

ಎಲ್ಲರಿಗೂ ಕೃತಜ್ಞತೆಗಳು. ಹ್ಯೂಸ್ಟನ್‌ನ ತಮ್ಮನ ಉತ್ತರವನ್ನು ಮಗಳಿಗೆ ಓದಿ ಹೇಳಿದೆ. 58ನೆಯ ಸ್ಥಾನದಿಂದಲೇ ಎರಡು ವಿಶ್ವವಿದ್ಯಾಲಯಗಳ ಬಾಗಿಲು ತೆರೆದಿದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ರಾತ್ರಿ ಅಜ್ಜಿಯ ಜೊತೆ ಕುಳಿತು ಎರಡು ರೊಟ್ಟಿ ಉಂಡಳು. ಆಗಸ್ಟ್‌ನಲ್ಲಿ ಮತ್ತೊಮ್ಮೆ ಸ್ಯಾಟ್ ಬರೆಯುತ್ತಾಳೆ. ಬೆಳಗಿನ ಎರಡು ಗಂಟೆ ಓದು-ಬರಹದ ಭಾಗಕ್ಕೆ, ಉಳಿದ ಸಮಯ ಪ್ರಬಂಧಗಳಿಗೆ ಎಂದು ಅವಳೇ ಕಾಗದದ ಮೇಲೆ ಬರೆದು ಗೋಡೆಗೆ ಹಚ್ಚಿದ್ದಾಳೆ. ಸರ್, ನೀವು ಬ್ರಹ್ಮಪುರದಲ್ಲಿಯೇ ಇರುವಿರೆಂದು ಅತ್ತೆಯವರು ಹೇಳಿದರು. ಗಣಿತದಲ್ಲಿ ಅವಳು ತಪ್ಪಿದ್ದು ಹೆಚ್ಚಾಗಿ ಪರೀಕ್ಷೆಯ ಎರಡನೆಯ ಮಾಡ್ಯೂಲಿನ (ಭಾಗದ) ಕಠಿಣ ಪ್ರಶ್ನೆಗಳಲ್ಲಿ. ನಿಮಗೆ ತೊಂದರೆಯಿಲ್ಲದಿದ್ದರೆ ವಾರಕ್ಕೊಂದು ಸಂಜೆ ಅವಳನ್ನು ನಿಮ್ಮಲ್ಲಿಗೆ ಕಳಿಸುತ್ತೇನೆ. ಹ್ಯೂಸ್ಟನ್‌ನ ತಮ್ಮಾ, ಎ ಆ್ಯಂಡ್ ಎಂನಲ್ಲಿ ಎಂಜಿನಿಯರಿಂಗ್ ಶಾಖೆಗೆ ನಿನ್ನ ಮಗ ಅಂಕ ಕಳಿಸಿದ್ದನೇ?

ಹ್ಯೂಸ್ಟನ್‌ನಿಂದ, ಊರು ಆಳಂದ:

ಕಳಿಸಿದ್ದ ಅಕ್ಕಾ. ಅವನ ಗಣಿತದ ಅಂಕ ಚೆನ್ನಾಗಿತ್ತು, ಅದಕ್ಕಾಗಿ ಕಳಿಸಿದೆವು. ಆಗಸ್ಟ್ ಫಲಿತಾಂಶ ಬಂದ ಮೇಲೆ ಫೋನ್ ಮಾಡಿ, ಅವನನ್ನೇ ಮಾತಾಡಿಸುತ್ತೇನೆ.

ಕಲಬುರಗಿಯ ನಿವೃತ್ತ ಉಪನ್ಯಾಸಕರಿಂದ:

ಗುರುವಾರ ಸಂಜೆ ಆರಕ್ಕೆ ಕಳಿಸಮ್ಮಾ. ತಪ್ಪು ಮಾಡಿದ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರಲಿ.