ಉಬ್ಬಿದ ಮುಚ್ಚಳ
ಮುಂಬಯಿ ಕನ್ನಡಿಗರ ಗುಂಪಿನಲ್ಲಿ ಆಹಾರ ಸುರಕ್ಷತಾ ಅಧಿಕಾರಿಯೊಬ್ಬರೊಡನೆ ಪ್ರಶ್ನೋತ್ತರ

ಘಾಟ್ಕೋಪರ್: ಸರ್, ಹಾಲಿನಲ್ಲಿ ಪಿಷ್ಟ ಬೆರೆಸಿದ್ದಾರೆಯೇ ಎಂದು ಮನೆಯಲ್ಲಿ ತಿಳಿಯುವುದು ಹೇಗೆ?

ಅಧಿಕಾರಿ: ಕುದಿಸಿ ಆರಿಸಿದ ಹಾಲಿಗೆ ಎರಡು ಹನಿ ಅಯೋಡಿನ್ ಹಾಕಿ. ನೀಲಿಯಾದರೆ ಪಿಷ್ಟವಿದೆ.

ಮಾಟುಂಗ: ನಮ್ಮ ಹೋಟೆಲಿನಿಂದ ತುಪ್ಪದ ಮಾದರಿ ಒಯ್ದಿದ್ದಾರೆ. ವರದಿ ಯಾವಾಗ?

ಅಧಿಕಾರಿ: ವಿಶ್ಲೇಷಕರಿಗೆ 14 ದಿನ ಸಮಯವಿದೆ. ವರದಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಿ.

ಡೊಂಬಿವಲಿ: ಊರಿನಿಂದ ತರಿಸಿದ ಕಣಿಲೆಯನ್ನು (ಎಳೆ ಬಿದಿರನ್ನು) ಮೂರು ದಿನ ನೀರು ಬದಲಿಸುತ್ತ ನೆನೆಸಿ, ಬೇಯಿಸಿ, ಬಾಟಲಿಗೆ ತುಂಬಿ ಮಾರುತ್ತೇನೆ. ಉಪ್ಪು ಹೆಚ್ಚೆಂದು ಗಿರಾಕಿಗಳು ಗೊಣಗಿದ್ದರಿಂದ ಈ ಸಲ ಚಿಟಿಕೆಯಷ್ಟೇ ಹಾಕಿದೆ. ಎರಡು ಬಾಟಲಿಗಳ ಮುಚ್ಚಳ ಉಬ್ಬಿದೆ. ಒಂದನ್ನು ತೆರೆದು ಮೂಸಿದೆ, ವಾಸನೆಯೇನೂ ಇಲ್ಲ. ಇನ್ನೊಮ್ಮೆ ಕುದಿಸಿದರೆ ಸಾಕೇ?

ಅಧಿಕಾರಿ: ಅಕ್ಕ, ಇನ್ನೊಂದನ್ನು ತೆರೆಯಬೇಡಿ. ಮೊದಲು ಕೈಯನ್ನು ಸೋಪಿನಿಂದ ತೊಳೆಯಿರಿ. ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣು ಮಣ್ಣಿನಲ್ಲಿರುತ್ತದೆ. ಕುದಿಯುವ ನೀರಿನಲ್ಲೂ ಸಾಯುವುದಿಲ್ಲ, 121 ಡಿಗ್ರಿಯ ಒತ್ತಡದ ಶಾಖ ಬೇಕು. ಹುಳಿಯಿಲ್ಲದ, ಉಪ್ಪಿಲ್ಲದ, ಗಾಳಿಯಾಡದ ಬಾಟಲಿ ಅದಕ್ಕೆ ತವರುಮನೆ. ಅಜ್ಜಿಯ ಭರಣಿಯನ್ನು ಕಾಯುತ್ತಿದ್ದದ್ದೇ ಉಪ್ಪು. ನೀವು ಅದನ್ನೇ ತೆಗೆದಿರಿ. ಆ ಬ್ಯಾಕ್ಟೀರಿಯಾ ಬಿಡುವ ವಿಷಕ್ಕೆ ವಾಸನೆ ಬರಲೇಬೇಕೆಂದಿಲ್ಲ. ಕುದಿಸಿದರೆ ವಿಷ ಮುರಿಯುತ್ತದೆ ಎಂಬುದು ನಿಜ, ಆದರೆ ಆ ಜೂಜು ನಿಮ್ಮ ಗಿರಾಕಿಯ ಒಲೆಯ ಮೇಲೆ ಬೇಡ. ತಿಂದವರಿಗೆ ರೆಪ್ಪೆ ಜೋತುಬಿದ್ದರೆ, ಒಂದು ಎರಡಾಗಿ ಕಂಡರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಎಷ್ಟು ಬಾಟಲಿ ಮಾರಿದ್ದೀರಿ?

ಥಾಣೆ: ಬಾಟಲಿಯ ಪಕ್ಕದಲ್ಲಿ ಹೆಚ್ಚಿದ ಈರುಳ್ಳಿ ಇಟ್ಟರೆ ವಿಷವನ್ನೆಲ್ಲ ಹೀರಿಕೊಳ್ಳುತ್ತದಂತೆ. ನನಗೆ ಬಂದ ಸಂದೇಶ ಹಾಕಿದ್ದೇನೆ, ನೋಡಿ.

ಅಧಿಕಾರಿ: ಈರುಳ್ಳಿ ಹುಳಿಗೆ ಹಾಕಿ. ಸಂದೇಶ ಅಳಿಸಿ.

ಮುಲುಂಡ್: ನಮ್ಮ ಅಮ್ಮ ನಲವತ್ತು ವರ್ಷ ಕಣಿಲೆ ಹಾಕಿದರು. ಯಾರೂ ಸತ್ತಿಲ್ಲ.

ಚೆಂಬೂರು: ಸತ್ತವರು ಗುಂಪಿಗೆ ಬಂದು ಹೇಳುವುದಿಲ್ಲ.

ಮುಲುಂಡ್: ನಮ್ಮ ಅಮ್ಮನ ಬಗ್ಗೆ ಮಾತನಾಡುವ ರೀತಿಯೇ ಇದು?

ಚೆಂಬೂರು: ಅಮ್ಮನಿಗಲ್ಲ, ನಿಮ್ಮ ತರ್ಕಕ್ಕೆ ಹೇಳಿದೆ. ಅವರು ಉಪ್ಪಿನಲ್ಲಿ ಹಾಕಿದ್ದು.

ದಾದರ್: ವಡಾಪಾವ್ ಗಾಡಿಯ ಕಪ್ಪು ಎಣ್ಣೆಯ ಬಗ್ಗೆ ಯಾರಿಗೆ ದೂರು ಕೊಡುವುದು?

ಕಲ್ಯಾಣ್: ಸರ್, ಹಾಲಿನಲ್ಲಿ ಪಿಷ್ಟ ಇದೆಯೇ ಎಂದು ತಿಳಿಯುವುದು ಹೇಗೆ?

ಅಧಿಕಾರಿ: ಮೇಲೆ ಓದಿ.

ಮುಲುಂಡ್: ಅಧಿಕಾರಿಗಳಿಗೆ ಸ್ವಲ್ಪ ಸೌಜನ್ಯ ಇರಲಿ.

ಅಧಿಕಾರಿ: ಡೊಂಬಿವಲಿಯ ಅಕ್ಕ, ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಎಷ್ಟು ಬಾಟಲಿ?

ಡೊಂಬಿವಲಿ: ಹನ್ನೊಂದು. ಎಲ್ಲರಿಗೂ ಫೋನ್ ಮಾಡಿದೆ. ಹತ್ತು ಮಂದಿ ಇನ್ನೂ ತೆರೆದಿಲ್ಲವಂತೆ. ಒಬ್ಬರು ಎತ್ತುತ್ತಿಲ್ಲ.

ಅಧಿಕಾರಿ: ಅವರ ಮನೆಗೆ ಹೋಗಿ. ಈಗಲೇ.