ಸಬ್‌ಸ್ಟೇಷನ್ ಹತ್ತಿರದ ಜಮೀನನ್ನು ಸೋಲಾರ್‌ಗೆ ಗುತ್ತಿಗೆ ಕೊಡಬಹುದೇ? ಕುಸುಮ್ ಪಂಪ್, ಕಾರ್ಬನ್ ತೆರಿಗೆ ಬಗ್ಗೆಯೂ ತಿಳಿದವರು ಹೇಳಿ

ಹಿರಿಯೂರು_ಬಯಲು
ಎಲ್ಲರಿಗೂ ನಮಸ್ಕಾರ. ಒಟ್ಟು 6 ಎಕರೆ ಕೆಂಪು ಮಣ್ಣು. 4 ಎಕರೆ ಮಳೆ ನಂಬಿದ ಶೇಂಗಾ, 2 ಎಕರೆ ದಾಳಿಂಬೆ. ಸಬ್‌ಸ್ಟೇಷನ್ 2 ಕಿ.ಮೀ. ದೂರ. ಶೇಂಗಾ ಹೊಲವನ್ನು 25 ವರ್ಷ ಗುತ್ತಿಗೆಗೆ ಕೇಳುತ್ತಿದ್ದಾರೆ: ಎಕರೆಗೆ ವರ್ಷಕ್ಕೆ 25,000 ರೂ., 2 ವರ್ಷಕ್ಕೊಮ್ಮೆ ಶೇ 5 ಏರಿಕೆ. ದಾಳಿಂಬೆಗೆ ಕೊರೆಸಿರುವ ಹೊಸ ಬೋರ್ 620 ಅಡಿ, ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರ್) 700 ಮೀಟರ್ ಆಚೆ ಇದೆ. ಅದಕ್ಕೆ ಕುಸುಮ್ (ಕೇಂದ್ರದ ಸೋಲಾರ್ ಪಂಪ್ ಸಬ್ಸಿಡಿ ಯೋಜನೆ) 5 ಎಚ್‌ಪಿ ಸೋಲಾರ್ ಪಂಪ್ ಸಾಕಾಗುತ್ತದೆಯೇ? ಕಲ್ಲಿದ್ದಲಿಗೆ, ಗೊಬ್ಬರಕ್ಕೆ ಕಾರ್ಬನ್ ತೆರಿಗೆ ಬಂದರೆ ಹಳೇ ಬೋರಿನ ಉಚಿತ ಕರೆಂಟ್ ಕಥೆ ಏನು? ಇನ್ನೊಬ್ಬರು ಬದುಗಳಲ್ಲಿ ಹೆಬ್ಬೇವು ಹಾಕಿ, ಮರ ಹೀರುವ ಇಂಗಾಲಕ್ಕೆ ಕಾರ್ಬನ್ ಕ್ರೆಡಿಟ್ ದುಡ್ಡು ಬರುತ್ತದೆ ಎಂದು ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ.

ಪಹಣಿ_ಪೋಡಿ
ಮೊದಲು ಏರಿಕೆಯ ಲೆಕ್ಕ ನೋಡಿ. 2 ವರ್ಷಕ್ಕೊಮ್ಮೆ ಶೇ 5 ಅಂದರೆ 25ನೇ ವರ್ಷದಲ್ಲಿ ನಿಮ್ಮ ಕೈಗೆ ಬರುವುದು ಎಕರೆಗೆ ಸುಮಾರು 44,900 ರೂ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರುತ್ತಾ ಹೋದರೆ ಆ ದುಡ್ಡಿಗೆ ಇವತ್ತಿನ 11,000 ರೂಪಾಯಿಯ ಬೆಲೆಯಷ್ಟೇ. ಅದೇ ಶೇ 5 ಏರಿಕೆ ಪ್ರತಿ ವರ್ಷ ಇದ್ದರೆ 25ನೇ ವರ್ಷಕ್ಕೆ 80,600 ಆಗುತ್ತದೆ. ಮೊದಲ ವರ್ಷದ ಮೊತ್ತಕ್ಕೆ ಎಳೆದಾಡುವುದಕ್ಕಿಂತ ಈ ಒಂದು ಸಾಲು ಬದಲಾಯಿಸಿಕೊಳ್ಳಿ.

ಪಾವಗಡದ 2,050 ಮೆಗಾವ್ಯಾಟ್ ಪಾರ್ಕ್‌ನಲ್ಲೂ ಇದೇ ಬಗೆ: ಎಕರೆಗೆ 21,000, 2 ವರ್ಷಕ್ಕೆ ಶೇ 5. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆ ಹೋಯಿತು. ಜಮೀನಿದ್ದವರಿಗೆ ಬಾಡಿಗೆ ಬಂತು. ಕೂಲಿಯವರಿಗೆ ಕಳೆ ಕೀಳುವ ಕೆಲಸ ಹೋಯಿತು, ಕುರಿಯವರಿಗೆ ಮೇವಿನ ಬಯಲು ಹೋಯಿತು. ಗುತ್ತಿಗೆ ಒಪ್ಪಂದದಲ್ಲಿ ಅವರಿಗೆ ಜಾಗವೇ ಇರಲಿಲ್ಲ, ಇದು ನನಗೆ ಇವತ್ತಿಗೂ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಕಾಗದಪತ್ರಕ್ಕೆ ಬಂದರೆ, ಪಹಣಿಯ 9ನೇ ಕಾಲಂನಲ್ಲಿ ತಾತನ ಹೆಸರೋ ಜಂಟಿ ಹೆಸರೋ ಇದ್ದರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ), ಪೋಡಿ (ಜಮೀನು ಅಳೆದು ಬೇರ್ಪಡಿಸುವುದು) ಮುಗಿಸಿ. 11ನೇ ಕಾಲಂನಲ್ಲಿ ಸೊಸೈಟಿ ಸಾಲ ಇದ್ದರೆ ಅವರ ನಿರಾಕ್ಷೇಪಣಾ ಪತ್ರ ಬೇಕು. 25 ವರ್ಷದ ಗುತ್ತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು, ಬರೀ ಛಾಪಾ ಕಾಗದದ ಕರಾರು ನಿಲ್ಲುವುದಿಲ್ಲ. ಬಾಡಿಗೆ ಸಹಿ ಹಾಕಿದ ದಿನದಿಂದ ಶುರುವಾಗಬೇಕು. "ಪ್ಲಾಂಟ್ ಚಾಲೂ ಆದ ಮೇಲೆ" ಎಂದಿದ್ದರೆ ಎರಡು ವರ್ಷ ಜಮೀನು ಬೀಳು ಬಿದ್ದಿರುತ್ತದೆ, ದುಡ್ಡೂ ಇಲ್ಲ, ಬೆಳೆಯೂ ಇಲ್ಲ. ನಿಮ್ಮ ಜಮೀನನ್ನು ಅವರು ಅಡಮಾನ ಇಡಕೂಡದು ಎಂದು ಬರೆಸಿ. ಕೊನೆಗೆ ಕಾಂಕ್ರೀಟ್ ಬುನಾದಿ ಕಿತ್ತು, ಕೇಬಲ್ ತೆಗೆದು, ಬದು ಕಟ್ಟಿಕೊಡುವ ಖರ್ಚು ಯಾರದು ಎಂಬುದನ್ನೂ ಬರೆಸಿ, ಅದಕ್ಕೆ ಬ್ಯಾಂಕ್ ಗ್ಯಾರಂಟಿ ಕೇಳಿ. ಮಳೆನೀರು ಹರಿಯುವ ಹಳ್ಳ ಮುಚ್ಚಿದರೆ ಕೆಳಗಿನ ನಿಮ್ಮ ದಾಳಿಂಬೆಗೇ ಪೆಟ್ಟು. ಅದನ್ನು ಈಗಲೇ ನಕ್ಷೆಯಲ್ಲಿ ಗುರುತು ಹಾಕಿಸಿ.

ಈ ಬಾಡಿಗೆ ಕೃಷಿ ಆದಾಯ ಅಲ್ಲ, ಆದಾಯ ತೆರಿಗೆ ಲೆಕ್ಕಕ್ಕೆ ಸೇರುತ್ತದೆ.

ಮೋಟಾರ್_ಮೇಷ್ಟ್ರು
ಪಂಪ್ ವಿಷಯ ಹೇಳುತ್ತೇನೆ. ಕುಸುಮ್‌ನ ಬಿ ಭಾಗದಲ್ಲಿ (ಕರೆಂಟ್ ಲೈನಿಗೆ ಸೇರದ ಸೋಲಾರ್ ಪಂಪ್) ಖರ್ಚಿನಲ್ಲಿ ಕೇಂದ್ರದ ಪಾಲು ಶೇ 30, ರಾಜ್ಯದ್ದು ಶೇ 50, ರೈತರದ್ದು ಶೇ 20. ಟಿ.ಸಿ.ಯಿಂದ 500 ಮೀಟರ್ ಆಚೆ ಇರುವುದರಿಂದ ನಿಮ್ಮ ಬೋರಿಗೆ ಇದೇ ದಾರಿ.

ನೋಡಬೇಕಾದದ್ದು ಎಚ್‌ಪಿ ಅಲ್ಲ, ಹೆಡ್, ಅಂದರೆ ನೀರನ್ನು ಎತ್ತಬೇಕಾದ ಒಟ್ಟು ಎತ್ತರ. ಬೋರ್ 620 ಅಡಿ ಅನ್ನುವುದು ಲೆಕ್ಕಕ್ಕಿಲ್ಲ. ಮೋಟಾರ್ ಎರಡು ಗಂಟೆ ಓಡಿದ ಮೇಲೆ ನೀರು ಎಷ್ಟು ಅಡಿಗೆ ಇಳಿದು ನಿಲ್ಲುತ್ತದೆ ಎಂಬುದೇ ಮುಖ್ಯ. 450 ಅಡಿ ಎಂದುಕೊಂಡರೆ 137 ಮೀಟರ್. ಪೈಪಿನ ಘರ್ಷಣೆ, ಟ್ಯಾಂಕ್ ಎತ್ತರ ಸೇರಿ 145. 5 ಎಚ್‌ಪಿ ಎಸಿ ಪಂಪಿಗೆ 4,800 ವ್ಯಾಟ್ ಪ್ಯಾನೆಲ್ ಬರುತ್ತದೆ. ಕೇಂದ್ರದ ಮಾನದಂಡದಲ್ಲಿ 50 ಮೀಟರ್ ಹೆಡ್‌ಗೆ ದಿನಕ್ಕೆ 91,200 ಲೀಟರ್, 100 ಮೀಟರ್‌ಗೆ 40,800. ಅದೇ ಅನುಪಾತದಲ್ಲಿ 145 ಮೀಟರ್‌ಗೆ 28,000 ಲೀಟರ್ ಆಸುಪಾಸು, ಅದೂ ಒಳ್ಳೆ ಬಿಸಿಲಿದ್ದ ದಿನ.

15×10 ಅಡಿ ಅಂತರದಲ್ಲಿ 2 ಎಕರೆಗೆ 580 ಗಿಡ. ಬಿರುಬೇಸಿಗೆಯಲ್ಲಿ ಗಿಡಕ್ಕೆ 50 ಲೀಟರ್ ಹಿಡಿದರೆ 29,000 ಲೀಟರ್ ಬೇಕು. ಅಂದರೆ ಕತ್ತಿನವರೆಗೆ ಬಂದು ನಿಂತಿದೆ, ಒಂದು ದಿನ ಮೋಡ ಮುಚ್ಚಿದರೆ ಸಾಲದು. 7.5 ಎಚ್‌ಪಿಗೆ ಅರ್ಜಿ ಹಾಕಿ, ಬೋರಿನ ಇಳುವರಿ ಅಷ್ಟಿದ್ದರೆ ಮಾತ್ರ. ಇಲ್ಲದಿದ್ದರೆ ಮೋಟಾರ್ ನೀರಿಲ್ಲದೆ ಓಡಿ ಸುಡುತ್ತದೆ. 200 ಲೀಟರ್ ಡ್ರಮ್ ತುಂಬಲು ಎಷ್ಟು ಸೆಕೆಂಡ್ ಎಂದು ಎರಡು ಗಂಟೆ ಓಡಿಸಿದ ಮೇಲೆ ಅಳೆಯಿರಿ, ಮೊದಲ ಐದು ನಿಮಿಷದ ನೀರು ನಂಬಬೇಡಿ.

ಸೋಲಾರ್ ಪಂಪನ್ನು ನೇರವಾಗಿ ಡ್ರಿಪ್‌ಗೆ ಕೊಟ್ಟರೆ ಬೆಳಿಗ್ಗೆ ಒತ್ತಡ ಬರುವುದಿಲ್ಲ, ಮೊದಲ ಸಾಲಿನ ಗಿಡಕ್ಕೆ ನೀರು, ಕೊನೆ ಸಾಲು ಒಣ. ಟ್ಯಾಂಕ್‌ಗೋ ಕೃಷಿ ಹೊಂಡಕ್ಕೋ ತುಂಬಿಸಿ ಅಲ್ಲಿಂದ ಬಿಡಿ. ಪ್ಯಾನೆಲ್ ಧೂಳನ್ನು ಬೆಳಿಗ್ಗೆ ಬಿಸಿಲೇರುವ ಮೊದಲೇ ತೊಳೆಯಿರಿ. ಕಾದ ಗಾಜಿಗೆ ಗಡಸು ಬೋರ್ ನೀರು ಹಾಕಿದರೆ ಬಿಳಿ ಪದರ ಕೂತುಬಿಡುತ್ತದೆ. ಕಂಟ್ರೋಲರ್‌ಗೆ ಸರಿಯಾದ ಅರ್ಥಿಂಗ್, ಸರ್ಜ್ ರಕ್ಷಕ ಹಾಕಿದ್ದಾರಾ ಎಂದು ನೋಡಿಯೇ ಸಹಿ ಹಾಕಿ, ಸಿಡಿಲಿಗೆ ಮೊದಲು ಹೋಗುವುದು ಅದೇ. ಐದು ವರ್ಷ ದುರಸ್ತಿ ಹೊಣೆ ಸರಬರಾಜುದಾರರದ್ದು.

ಯೂನಿಟ್_ಲೆಕ್ಕ
ಕಾರ್ಬನ್ ತೆರಿಗೆ ಹೊಸದಲ್ಲ. ಕಲ್ಲಿದ್ದಲಿಗೆ 2010ರಲ್ಲಿ ಟನ್ನಿಗೆ 50 ರೂ. ಸೆಸ್ ಶುರುವಾಗಿ 2016ಕ್ಕೆ 400 ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಸೆಸ್ ತೆಗೆದು ಕಲ್ಲಿದ್ದಲಿನ ಜಿಎಸ್‌ಟಿಯನ್ನು ಶೇ 5ರಿಂದ 18ಕ್ಕೆ ಏರಿಸಿದರು, ಸೋಲಾರ್ ಸಾಧನಗಳದ್ದನ್ನು 12ರಿಂದ 5ಕ್ಕೆ ಇಳಿಸಿದರು. ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಕಲ್ಲಿದ್ದಲು ಎಂದರೆ 400 ರೂ. ಸೆಸ್ ಬಿದ್ದದ್ದು 28 ಪೈಸೆ. 5 ಎಚ್‌ಪಿ ಮೋಟಾರ್ 7 ಗಂಟೆಗೆ ಸುಮಾರು 30 ಯೂನಿಟ್ ಎಳೆಯುತ್ತದೆ, ದಿನಕ್ಕೆ 8 ರೂ. 40 ಪೈಸೆ. 10 ಎಚ್‌ಪಿವರೆಗೆ ಉಚಿತ ಇರುವುದರಿಂದ ಅದು ನಿಮ್ಮ ಬಿಲ್ಲಿಗೆ ಬರಲಿಲ್ಲ, ಸರ್ಕಾರ ಎಸ್ಕಾಂಗಳಿಗೆ (ವಿದ್ಯುತ್ ವಿತರಣಾ ಕಂಪನಿಗಳು) ಕೊಡುವ ಸಬ್ಸಿಡಿ ಮೇಲೆ ಬಿತ್ತು. ಹಗಲು ಸೋಲಾರ್ ಕರೆಂಟ್ ಕೊಡಲು ಸರ್ಕಾರಕ್ಕೆ ಇಷ್ಟು ಆತುರ ಇರುವುದಕ್ಕೆ ಆ ಸಬ್ಸಿಡಿ ಹೊರೆಯೇ ಒಂದು ಕಾರಣ.

ಯೂರಿಯಾಕ್ಕೂ ಹಾಗೆಯೇ, 45 ಕೆ.ಜಿ. ಚೀಲದ ಬೆಲೆ ಸರ್ಕಾರ ಕಟ್ಟಿಹಾಕಿದೆ. ಯುರೋಪಿನ ಗಡಿ ಕಾರ್ಬನ್ ಸುಂಕದ ಪಟ್ಟಿಯಲ್ಲಿ ಕಬ್ಬಿಣ, ಸಿಮೆಂಟ್, ಅಲ್ಯೂಮಿನಿಯಂ, ಗೊಬ್ಬರ ಇವೆ. ದಾಳಿಂಬೆ, ಕಾಫಿ ಇಲ್ಲ.

ಹೆಬ್ಬೇವಿನ ಕಾಗದಕ್ಕೆ ಈಗಲೇ ಸಹಿ ಬೇಡ. ಹೆಬ್ಬೇವು 6ರಿಂದ 8 ವರ್ಷಕ್ಕೆ ಕಟಾವಿಗೆ ಬರುತ್ತದೆ. ಇಂಥ ಒಪ್ಪಂದಗಳು ಸಾಮಾನ್ಯವಾಗಿ ಮರವನ್ನು 20 ವರ್ಷಕ್ಕೂ ಮೀರಿ ಉಳಿಸಲು ಕೇಳುತ್ತವೆ. ಕಡಿದರೆ ದಂಡ ಎಷ್ಟು, ಅಳತೆಯ ಖರ್ಚು ಯಾರದು, ಮೊದಲ ದುಡ್ಡು ಯಾವ ವರ್ಷ, ನಿಮ್ಮ ಪಾಲು ಶೇಕಡಾ ಎಷ್ಟು, ಈ ನಾಲ್ಕಕ್ಕೆ ಬರವಣಿಗೆಯಲ್ಲಿ ಉತ್ತರ ಕೇಳಿ.

ಹಿರಿಯೂರು_ಬಯಲು
ತುಂಬಾ ಉಪಕಾರವಾಯ್ತು. ಹಳೇ ಬೋರಿಗೆ ಸಬ್‌ಸ್ಟೇಷನ್‌ನಿಂದ ಕರೆಂಟ್ ತರುವ ಲೈನ್ (ಫೀಡರ್) ಸೋಲಾರ್ ಆದರೆ ನಾನು ಏನಾದರೂ ಬದಲಿಸಬೇಕೇ?

ಮೋಟಾರ್_ಮೇಷ್ಟ್ರು
ಆರ್.ಆರ್. ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ), ಮೋಟಾರ್ ಎಲ್ಲ ಹಾಗೇ ಇರುತ್ತವೆ. ತ್ರೀ ಫೇಸ್ ಹಗಲಿಗೆ ಬರುತ್ತದೆ, ಅಷ್ಟೇ. ಆದರೆ ಕರೆಂಟ್ ಬಂದ ಕ್ಷಣಕ್ಕೆ ಎಲ್ಲರ ಆಟೋ ಸ್ಟಾರ್ಟರ್ ಒಟ್ಟಿಗೆ ಎತ್ತಿದರೆ ಟಿ.ಸಿ. ಫ್ಯೂಸ್ ಹೋಗುತ್ತದೆ. ಒಂದು ಟಿ.ಸಿ.ಗೆ ಸೇರಿದವರೆಲ್ಲ ಮಾತಾಡಿಕೊಂಡು ಟೈಮರನ್ನು ಒಬ್ಬೊಬ್ಬರು ಎರಡೆರಡು ನಿಮಿಷ ಹಿಂದೆ ಮುಂದೆ ಇಟ್ಟುಕೊಳ್ಳಿ. 5 ಎಚ್‌ಪಿಗೆ 2 ಕೆವಿಎಆರ್ ಕೆಪಾಸಿಟರ್ ಹಾಕಿ, ಲೈನಿನ ತುದಿಯಲ್ಲಿರುವವರಿಗೂ ವೋಲ್ಟೇಜ್ ಸಿಗುತ್ತದೆ.